ಕ್ಯಾನಿಸ್ಟರ್ ಫಿಲ್ಟರ್

ಕ್ಯಾನಿಸ್ಟರ್ ಫಿಲ್ಟರ್ ಅಥವಾ ಡಬ್ಬಿ ಶೋಧಕವು ಅಕ್ವೇರಿಯಂನ ನೀರನ್ನು ತೊಟ್ಟಿಯ ಹೊರಗೆ ಇರಿಸಿದ, ಗಾಳಿಯಾಡದಂತೆ ಮುಚ್ಚಿದ ಡಬ್ಬಿಯೊಂದರ ಮೂಲಕ ಹಾಯಿಸಿ ಶುದ್ಧೀಕರಿಸುವ ವಿದ್ಯುತ್ ಚಾಲಿತ ಸಾಧನವಾಗಿದೆ. ಸಾಮಾನ್ಯವಾಗಿ 200 ಲೀಟರಿಗಿಂತ ಹೆಚ್ಚು ನೀರು ಹಿಡಿಯುವ ಮನೆಯ ಅಕ್ವೇರಿಯಂಗಳಲ್ಲಿ ಇದನ್ನು ಬಳಸಲಾಗುತ್ತದೆ. ಆಸ್ಕರ್, ಫ್ಲವರ್‌ಹಾರ್ನ್, ಅರೋವನ, ಗೋಲ್ಡ್‌ಫಿಶ್ ಮೊದಲಾದ ಹೆಚ್ಚು ತಿಂದು ಹೆಚ್ಚು ವಿಸರ್ಜಿಸುವ ಮೀನುಗಳನ್ನು ಸಾಕುವವರಲ್ಲಿ ಇದರ ಬಳಕೆ ಹೆಚ್ಚು.

ನೀರನ್ನು ತಿಳಿಯಾಗಿ ಕಾಣುವಂತೆ ಮಾಡುವುದು ಈ ಸಾಧನದ ಗೋಚರ ಕೆಲಸವಾದರೂ ಮುಖ್ಯ ಕೆಲಸ ಅದಲ್ಲ. ಮೀನುಗಳು ವಿಸರ್ಜಿಸುವ ಅಮೋನಿಯಾವನ್ನು ಕಡಿಮೆ ವಿಷಕಾರಿಯಾದ ನೈಟ್ರೇಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಾಗಳಿಗೆ ಡಬ್ಬಿಯು ವಾಸಸ್ಥಾನವಾಗಿದೆ. ಆದ್ದರಿಂದ ಶೋಧಕವೊಂದರ ಯೋಗ್ಯತೆಯನ್ನು ಅಳೆಯುವಾಗ ಪೆಟ್ಟಿಗೆಯ ಮೇಲೆ ಮುದ್ರಿತವಾದ ‘ಗಂಟೆಗೆ ಇಷ್ಟು ಲೀಟರ್’ ಎಂಬ ಅಂಕಿಗಿಂತ ಮಾಧ್ಯಮದ ಪ್ರಮಾಣ, ಕೊಳೆ ಕಟ್ಟಿದ ಮೇಲೂ ಉಳಿಯುವ ಹರಿವು, ಆಮ್ಲಜನಕದ ಪೂರೈಕೆ ಹಾಗೂ ವಿದ್ಯುತ್ತಿನ ನಿರಂತರತೆ ಇವುಗಳಿಗೆ ಹೆಚ್ಚಿನ ತೂಕ ಸಲ್ಲಬೇಕು. ಕೆಳಗಿನ ಲೆಕ್ಕಗಳಿಗೆ ಮೈಸೂರಿನ ಒಂಟಿಕೊಪ್ಪಲ್‌ನಂತಹ ಬಡಾವಣೆಯ ಮನೆಯೊಂದರ ಪರಿಸ್ಥಿತಿಯನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ: ಕ್ಲೋರಿನ್ ಬೆರೆಸಿದ ಕಾವೇರಿ ನೀರು, ನೆಲದಡಿಯ ಸಂಪು, ಮಹಡಿಯ ಮೇಲಿನ ಟ್ಯಾಂಕು, 230 ವೋಲ್ಟ್‌ನ ವಿದ್ಯುತ್ತು ಮತ್ತು ಆಗಾಗ ಆಗುವ ವಿದ್ಯುತ್ ವ್ಯತ್ಯಯ.

ಹಿನ್ನೆಲೆ

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. 1850ರಲ್ಲಿ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್‌ಟನ್ ಜಲಸಸ್ಯ, ಬಸವನಹುಳು ಮತ್ತು ಮೀನುಗಳ ಸಮತೋಲನದಿಂದ ತೊಟ್ಟಿಯ ನೀರು ಕೆಡದೆ ಉಳಿಯುವುದನ್ನು ವಿವರಿಸಿದರು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಆ ಕಾಲದ ತೊಟ್ಟಿಗಳಲ್ಲಿ ಶೋಧಕವಿರಲಿಲ್ಲ. ಮೀನುಗಳ ಸಂಖ್ಯೆ ಕಡಿಮೆಯಿತ್ತು, ಉಳಿದದ್ದನ್ನು ಗಿಡಗಳು ನೋಡಿಕೊಳ್ಳುತ್ತಿದ್ದವು.

ಇಪ್ಪತ್ತನೆಯ ಶತಮಾನದಲ್ಲಿ ಗಾಳಿ ಪಂಪಿನಿಂದ ನಡೆಯುವ ಶೋಧಕಗಳು, ಜಲ್ಲಿಯಡಿಯ ಶೋಧಕಗಳು ಬಂದವು. ಗುಂಟರ್ ಏಹೈಮ್ ಸ್ಥಾಪಿಸಿದ ಜರ್ಮನಿಯ ಏಹೈಮ್ ಸಂಸ್ಥೆಯು 1960ರ ದಶಕದಲ್ಲಿ ತೊಟ್ಟಿಯ ಹೊರಗಿಡುವ ಮುಚ್ಚಿದ ಶೋಧಕವನ್ನು ರೂಢಿಗೆ ತಂದಿತು. ಅದೇ ಸಂಸ್ಥೆಯ ‘ಕ್ಲಾಸಿಕ್’ ಮಾದರಿಗಳು ಮೂಲ ವಿನ್ಯಾಸದಲ್ಲಿ ಹೆಚ್ಚು ಬದಲಾವಣೆ ಇಲ್ಲದೆ ದಶಕಗಳ ಕಾಲ ಮಾರಾಟದಲ್ಲಿವೆ. ಕೆನಡಾದ ಹೇಗನ್ ಸಂಸ್ಥೆಯ ಫ್ಲುವಲ್, ಜರ್ಮನಿಯ ಓಆಸೆ, ಚೀನಾದ ಸನ್‌ಸನ್ ಮೊದಲಾದವು ಈ ಕ್ಷೇತ್ರದ ಇತರ ಪರಿಚಿತ ಹೆಸರುಗಳು. ಭಾರತದಲ್ಲಿ ಚೀನೀ ತಯಾರಿಕೆಯ ಅಗ್ಗದ ಮಾದರಿಗಳು ಬಂದ ಮೇಲೆಯೇ ಈ ಸಾಧನ ಮಧ್ಯಮ ವರ್ಗದ ಮನೆಗಳಿಗೆ ಎಟುಕಿತು.

ರಚನೆ

ಡಬ್ಬಿ, ಅದರ ತಲೆಯ ಮೇಲೆ ಕೂರುವ ಮೋಟಾರು, ಒಳಗೆ ಒಂದರ ಮೇಲೊಂದು ಜೋಡಿಸಿದ ಬುಟ್ಟಿಗಳು, ನೀರು ಒಳಬರುವ ಮತ್ತು ಹೊರಹೋಗುವ ಎರಡು ಕೊಳವೆಗಳು, ಇವುಗಳನ್ನು ಕೂಡಿಸುವ ಕವಾಟಗಳು ಹಾಗೂ ಮುಚ್ಚಳದ ಸುತ್ತಲಿನ ರಬ್ಬರ್ ಉಂಗುರ ಇದರ ಮುಖ್ಯ ಭಾಗಗಳು. ಡಬ್ಬಿಯನ್ನು ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ಇರಿಸಲಾಗುತ್ತದೆ. ನೀರು ಸೈಫನ್ ಕ್ರಿಯೆಯಿಂದ ಕೆಳಗಿಳಿದು ಡಬ್ಬಿಯನ್ನು ತುಂಬುತ್ತದೆ, ಮೋಟಾರು ಅದನ್ನು ಮರಳಿ ಮೇಲಕ್ಕೆ ತಳ್ಳುತ್ತದೆ.

ಇಷ್ಟು ಸಣ್ಣ ಮೋಟಾರು ನಾಲ್ಕೈದು ಅಡಿ ಎತ್ತರಕ್ಕೆ ನೀರನ್ನು ಹೇಗೆ ಏರಿಸುತ್ತದೆ ಎಂಬ ಪ್ರಶ್ನೆ ಸಹಜ. ಉತ್ತರ ಸರಳ: ಅದು ಏರಿಸುವುದಿಲ್ಲ. ಇಳಿಯುವ ಕೊಳವೆಯಲ್ಲಿನ ನೀರಿನ ಕಂಬವೂ ಏರುವ ಕೊಳವೆಯಲ್ಲಿನ ನೀರಿನ ಕಂಬವೂ ಒಂದೇ ಎತ್ತರದವು. ತಕ್ಕಡಿಯ ಎರಡು ತಟ್ಟೆಗಳಂತೆ ಅವು ಒಂದನ್ನೊಂದು ಸರಿದೂಗಿಸುತ್ತವೆ. ಕೊಳವೆಯ ಗೋಡೆ, ತಿರುವುಗಳು ಮತ್ತು ಮಾಧ್ಯಮದ ಪದರಗಳು ಒಡ್ಡುವ ಘರ್ಷಣೆಯನ್ನು ಮೀರುವುದಷ್ಟೇ ಮೋಟಾರಿನ ಕೆಲಸ. ಹೊರಹರಿವಿನ ಕೊಳವೆಯ ಬಾಯಿಯನ್ನು ನೀರಿನ ಮಟ್ಟಕ್ಕಿಂತ ಬಹಳ ಮೇಲೆ ಇಟ್ಟರೆ ಮಾತ್ರ ಆ ಹೆಚ್ಚುವರಿ ಎತ್ತರ ಲೆಕ್ಕಕ್ಕೆ ಬರುತ್ತದೆ. ಕೊಳವೆಗಳನ್ನು ಅನಾವಶ್ಯಕವಾಗಿ ಉದ್ದ ಬಿಟ್ಟು ಸುರುಳಿ ಸುತ್ತಿಡುವುದರಿಂದ ಹರಿವು ಕುಗ್ಗುವುದಕ್ಕೆ ಘರ್ಷಣೆಯೇ ಕಾರಣ.

ಮಾಧ್ಯಮಗಳು

ಬುಟ್ಟಿಗಳಲ್ಲಿ ತುಂಬುವ ವಸ್ತುಗಳನ್ನು ಯಾಂತ್ರಿಕ, ಜೈವಿಕ ಮತ್ತು ರಾಸಾಯನಿಕ ಎಂದು ವಿಂಗಡಿಸುವುದು ವಾಡಿಕೆ. ನೀರು ಮೊದಲು ಒರಟು ಸ್ಪಂಜನ್ನು, ಆಮೇಲೆ ನುಣುಪಾದ ಸ್ಪಂಜನ್ನು, ಅನಂತರ ಪಿಂಗಾಣಿ ಉಂಗುರ, ರಂಧ್ರಯುಕ್ತ ಗಾಜು ಅಥವಾ ಲಾವಾ ಕಲ್ಲಿನಂತಹ ಜೈವಿಕ ಮಾಧ್ಯಮವನ್ನು ಹಾಯಬೇಕು. ಈ ಕ್ರಮ ತಲೆಕೆಳಗಾದರೆ ಉಂಗುರಗಳ ರಂಧ್ರಗಳು ಕೆಸರಿನಿಂದ ಮುಚ್ಚಿ ಬ್ಯಾಕ್ಟೀರಿಯಾಗಳಿಗೆ ನೀರು ತಲಪುವುದಿಲ್ಲ. ಬಹುತೇಕ ಮಾದರಿಗಳಲ್ಲಿ ನೀರು ಕೆಳಗಿನಿಂದ ಮೇಲಕ್ಕೆ ಹರಿಯುವುದರಿಂದ ಒರಟು ಸ್ಪಂಜು ಕೆಳಬುಟ್ಟಿಯಲ್ಲಿರಬೇಕು. ಕೆಲವು ಮಾದರಿಗಳಲ್ಲಿ ದಿಕ್ಕು ಬೇರೆ ಇರುತ್ತದೆ, ಆದ್ದರಿಂದ ಕೈಪಿಡಿಯನ್ನು ನೋಡುವುದು ಅಗತ್ಯ.

ಜೈವಿಕ ಮಾಧ್ಯಮಗಳ ಜಾಹೀರಾತುಗಳಲ್ಲಿ ‘ಒಂದು ಲೀಟರಿಗೆ ಇಷ್ಟು ನೂರು ಚದರ ಮೀಟರ್ ಮೇಲ್ಮೈ’ ಎಂಬ ಮಾತು ಸಾಮಾನ್ಯ. ಈ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ನುಗ್ಗಲಾರದ ಅಥವಾ ನೀರು ಹರಿಯದ ಸೂಕ್ಷ್ಮ ರಂಧ್ರಗಳೂ ಸೇರಿರುತ್ತವೆ. ನೀರು ಓಡಾಡದ ರಂಧ್ರದಲ್ಲಿ ಆಮ್ಲಜನಕವೂ ಇರುವುದಿಲ್ಲ, ಆಹಾರವೂ ಇರುವುದಿಲ್ಲ. ಸಾಧಾರಣ ಒರಟು ಸ್ಪಂಜು ಬೆಲೆಯಲ್ಲಿ ಅತ್ಯಂತ ಕಡಿಮೆಯಾದರೂ ಜೈವಿಕ ಕಾರ್ಯದಲ್ಲಿ ಹಿಂದೆ ಬೀಳುವುದಿಲ್ಲ. ದುಬಾರಿ ಮಾಧ್ಯಮಕ್ಕೆ ಹಣ ಹೂಡುವುದಕ್ಕಿಂತ ದೊಡ್ಡ ಡಬ್ಬಿಗೆ ಹೂಡುವುದು ಲೇಸು.

ಸಕ್ರಿಯ ಇಂಗಾಲವು ಬಣ್ಣ, ವಾಸನೆ ಮತ್ತು ಔಷಧಗಳ ಶೇಷವನ್ನು ಹೀರುತ್ತದೆ. ಕೆಲವು ವಾರಗಳಲ್ಲಿ ಅದರ ಶಕ್ತಿ ತೀರುತ್ತದೆ. ಮೀನುಗಳಿಗೆ ಔಷಧ ಹಾಕುವಾಗ ಅದನ್ನು ತೆಗೆದಿಡಬೇಕು, ಇಲ್ಲವಾದರೆ ಔಷಧವೇ ಇಂಗಾಲದ ಪಾಲಾಗುತ್ತದೆ. ದೈನಂದಿನ ಬಳಕೆಗೆ ಇದು ಅನಿವಾರ್ಯವಲ್ಲ.

ಜೈವಿಕ ಶೋಧನೆಯ ಲೆಕ್ಕ

ಮೀನುಗಳು ಕಿವಿರುಗಳ ಮೂಲಕ ಅಮೋನಿಯಾವನ್ನು ಹೊರಹಾಕುತ್ತವೆ. ಉಳಿದ ಆಹಾರ ಮತ್ತು ಮಲ ಕೊಳೆತಾಗಲೂ ಅಮೋನಿಯಾ ಹುಟ್ಟುತ್ತದೆ. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಗುಂಪಿನವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಉತ್ಕರ್ಷಿಸುತ್ತವೆ. ಎರಡನೆಯ ಹಂತವನ್ನು ನೈಟ್ರೊಬ್ಯಾಕ್ಟರ್ ನಡೆಸುತ್ತದೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿದವು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಆ ಕೆಲಸ ಮಾಡುವುದು ನೈಟ್ರೊಸ್ಪೈರಾ ಬಗೆಯ ಬ್ಯಾಕ್ಟೀರಿಯಾ ಎಂದು 1998ರ ಸಂಶೋಧನೆಯೊಂದು ತೋರಿಸಿತು. ನೈಟ್ರೊಸ್ಪೈರಾ ಕುಲದ ಕೆಲವು ಬ್ಯಾಕ್ಟೀರಿಯಾಗಳು ಎರಡೂ ಹಂತಗಳನ್ನು ತಾವೇ ಪೂರೈಸಬಲ್ಲವೆಂಬುದು 2015ರಲ್ಲಿ ತಿಳಿದುಬಂತು.

ಒಂದು ಉದಾಹರಣೆಯಿಂದ ಇದರ ಪ್ರಮಾಣ ಸ್ಪಷ್ಟವಾಗುತ್ತದೆ. ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ತೊಟ್ಟಿಯ ಗಾತ್ರ ಸುಮಾರು 566 ಲೀಟರ್. ಜಲ್ಲಿ, ಕಲ್ಲು ಮತ್ತು ಮೇಲಿನ ಖಾಲಿ ಜಾಗವನ್ನು ಕಳೆದರೆ ನೀರು ಹೆಚ್ಚುಕಡಿಮೆ 500 ಲೀಟರ್. ಇಂತಹ ತೊಟ್ಟಿಗೆ ದಿನಕ್ಕೆ ಶೇ. 40ರಷ್ಟು ಪ್ರೋಟೀನ್ ಇರುವ 10 ಗ್ರಾಂ ಒಣ ಆಹಾರವನ್ನು ಹಾಕಲಾಗುತ್ತದೆ ಎಂದುಕೊಳ್ಳಬಹುದು. ಮೀನು ಸಾಕಣೆಯಲ್ಲಿ ಬಳಕೆಯಲ್ಲಿರುವ ಸೂತ್ರದಂತೆ ಆಹಾರದ ತೂಕವನ್ನು ಪ್ರೋಟೀನಿನ ಅಂಶದಿಂದಲೂ 0.092ರಿಂದಲೂ ಗುಣಿಸಿದರೆ ಉತ್ಪನ್ನವಾಗುವ ಅಮೋನಿಯಾ ಸಾರಜನಕ ದೊರೆಯುತ್ತದೆ. ಇಲ್ಲಿ ಅದು ದಿನಕ್ಕೆ 0.37 ಗ್ರಾಂ. 500 ಲೀಟರಿನಲ್ಲಿ ಹಂಚಿದರೆ ಲೀಟರಿಗೆ 0.74 ಮಿಲಿಗ್ರಾಂ.

ಈ ಅಮೋನಿಯಾ ಎಷ್ಟು ವಿಷಕಾರಿ ಎಂಬುದನ್ನು ನೀರಿನ ಪಿಎಚ್ ಮತ್ತು ಉಷ್ಣತೆ ನಿರ್ಧರಿಸುತ್ತವೆ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದ ಶೇ. 0.7ರಷ್ಟು ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಅದು ಶೇ. 6.5ನ್ನು ದಾಟುತ್ತದೆ. ಎಂದರೆ ಶೋಧಕ ಒಂದೇ ಒಂದು ದಿನ ಕೆಲಸ ಮಾಡದಿದ್ದರೂ ಪಿಎಚ್ 8ರ ನೀರಿನಲ್ಲಿ ವಿಷರೂಪದ ಅಮೋನಿಯಾ ಲೀಟರಿಗೆ ಸುಮಾರು 0.05 ಮಿಲಿಗ್ರಾಂ ಮುಟ್ಟುತ್ತದೆ. ಮೀನಿನ ಕಿವಿರುಗಳಿಗೆ ಹಾನಿ ಆರಂಭವಾಗುವ ಮಟ್ಟ ಇದು. ಮೈಸೂರಿನ ಹಲವು ಮನೆಗಳಲ್ಲಿ ನದಿಯ ನೀರಿನ ಜೊತೆಗೆ ಕೊಳವೆಬಾವಿಯ ಗಡಸು ನೀರೂ ಬಳಕೆಯಲ್ಲಿದೆ. ಅಂತಹ ಕ್ಷಾರೀಯ ನೀರನ್ನು ತುಂಬಿದ ತೊಟ್ಟಿಯಲ್ಲಿ ಅದೇ ಮೀನು, ಅದೇ ಆಹಾರ, ಅದೇ ಶೋಧಕವಿದ್ದರೂ ಅಪಾಯದ ಅಂಚು ಹೆಚ್ಚು ಹತ್ತಿರವಿರುತ್ತದೆ.

ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಆಗಿಸಲು ಸುಮಾರು 4.6 ಗ್ರಾಂ ಆಮ್ಲಜನಕವೂ 7 ಗ್ರಾಂ ಕ್ಷಾರೀಯತೆಯೂ ವ್ಯಯವಾಗುತ್ತವೆ. ಮೇಲಿನ ತೊಟ್ಟಿಯಲ್ಲಿ ದಿನಕ್ಕೆ 1.7 ಗ್ರಾಂ ಆಮ್ಲಜನಕ ಬ್ಯಾಕ್ಟೀರಿಯಾಗಳಿಗೇ ಬೇಕು, ಮೀನುಗಳ ಪಾಲು ಬೇರೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ 28 ಡಿಗ್ರಿಯ ನೀರು ಲೀಟರಿಗೆ ಸುಮಾರು 7 ಮಿಲಿಗ್ರಾಂ ಆಮ್ಲಜನಕವನ್ನಷ್ಟೇ ಹಿಡಿದಿಡಬಲ್ಲದು. ಮುಚ್ಚಿದ ಡಬ್ಬಿಯೊಳಗೆ ಗಾಳಿ ಸೇರುವುದಿಲ್ಲವಾದ್ದರಿಂದ ಈ ಆಮ್ಲಜನಕವೆಲ್ಲ ಹರಿಯುವ ನೀರಿನೊಡನೆಯೇ ಬರಬೇಕು. ಹೊರಹರಿವು ತೊಟ್ಟಿಯ ನೀರಿನ ಮೇಲ್ಮೈಯನ್ನು ಕಲಕುವಂತೆ ಕೊಳವೆಯ ಬಾಯಿಯನ್ನು ತಿರುಗಿಸಿಡುವುದು ಅಥವಾ ಪ್ರತ್ಯೇಕ ಗಾಳಿ ಪಂಪನ್ನು ಇಡುವುದು ಈ ಕಾರಣಕ್ಕಾಗಿ.

ಶೋಧಕವು ನೈಟ್ರೇಟನ್ನು ತೆಗೆಯುವುದಿಲ್ಲ ಎಂಬುದನ್ನು ಮಾರಾಟಗಾರರು ಅಪರೂಪಕ್ಕೆ ಹೇಳುತ್ತಾರೆ. ಗಿಡಗಳಿಲ್ಲದ ಮೇಲಿನ ತೊಟ್ಟಿಯಲ್ಲಿ ವಾರಕ್ಕೆ ಲೀಟರಿಗೆ 23 ಮಿಲಿಗ್ರಾಂ ನೈಟ್ರೇಟ್ ಕೂಡುತ್ತದೆ. ವಾರಕ್ಕೊಮ್ಮೆ ಅರ್ಧದಷ್ಟು ನೀರು ಬದಲಿಸಿದರೆ ಅದು ಕಾಲಕ್ರಮದಲ್ಲಿ 46ರ ಸುಮಾರಿಗೆ ನಿಲ್ಲುತ್ತದೆ, ಕಾಲುಭಾಗ ಬದಲಿಸಿದರೆ 90ನ್ನು ದಾಟುತ್ತದೆ. ಹವ್ಯಾಸಿಗಳು ಸಾಮಾನ್ಯವಾಗಿ 40ರೊಳಗೆ ಇರಿಸಲು ಬಯಸುತ್ತಾರೆ. ಎಷ್ಟೇ ದೊಡ್ಡ ಶೋಧಕವನ್ನು ಕೊಂಡರೂ ನೀರು ಬದಲಿಸುವ ಕೆಲಸ ತಪ್ಪುವುದಿಲ್ಲ.

ಮೌಲ್ಯಮಾಪನ

ಹರಿವಿನ ಅಂಕಿ ಮೊದಲು ಕಣ್ಣಿಗೆ ಬೀಳುವುದರಿಂದ ಹೋಲಿಕೆಯೂ ಅಲ್ಲಿಂದಲೇ ಆರಂಭವಾಗುತ್ತದೆ. ತೊಟ್ಟಿಯ ನೀರು ಗಂಟೆಗೆ ನಾಲ್ಕೈದು ಬಾರಿ ಶೋಧಕವನ್ನು ಹಾಯಬೇಕು ಎಂಬುದು ಪ್ರಚಲಿತ ನಿಯಮ. ಇದರಂತೆ 500 ಲೀಟರಿನ ತೊಟ್ಟಿಗೆ ಗಂಟೆಗೆ 2000ದಿಂದ 2500 ಲೀಟರ್ ಬೇಕು. ಆದರೆ ಪೆಟ್ಟಿಗೆಯ ಮೇಲಿನ ಅಂಕಿಯನ್ನು ಹಲವು ತಯಾರಕರು ಮಾಧ್ಯಮವಿಲ್ಲದೆ, ಎತ್ತರವಿಲ್ಲದೆ, ಬರಿಯ ಪಂಪನ್ನು ಓಡಿಸಿ ಪಡೆದಿರುತ್ತಾರೆ. ಫ್ಲುವಲ್ ಸಂಸ್ಥೆ ತನ್ನ ಎಫ್‌ಎಕ್ಸ್6 ಮಾದರಿಗೆ ಎರಡೂ ಅಂಕಿಗಳನ್ನು ಕೊಟ್ಟಿದೆ: ಪಂಪಿನ ಸಾಮರ್ಥ್ಯ ಗಂಟೆಗೆ 3500 ಲೀಟರ್, ಶೋಧಕದ ಮೂಲಕ ಹಾಯುವ ಹರಿವು 2130 ಲೀಟರ್. ಹೊಸ ಸಾಧನದಲ್ಲೇ ಸುಮಾರು ಶೇ. 40ರಷ್ಟು ಅಂತರ. ಒಂದೇ ಅಂಕಿಯನ್ನು ಮುದ್ರಿಸುವ ಪೆಟ್ಟಿಗೆಗಳಲ್ಲಿ ಅದು ದೊಡ್ಡ ಅಂಕಿಯೇ ಎಂದು ಭಾವಿಸುವುದು ಕ್ಷೇಮ.

ಇನ್ನೊಂದೆಡೆ ಏಹೈಮ್ ಕ್ಲಾಸಿಕ್ 2217 ಮಾದರಿಯ ಪಂಪು ಗಂಟೆಗೆ 1000 ಲೀಟರಿನದು, ಡಬ್ಬಿಯ ಮಾಧ್ಯಮ ಸ್ಥಳ ಸುಮಾರು 6 ಲೀಟರ್, ವಿದ್ಯುತ್ 20 ವ್ಯಾಟ್. ಇದನ್ನು 600 ಲೀಟರಿನವರೆಗಿನ ತೊಟ್ಟಿಗಳಿಗೆ ಸೂಚಿಸಲಾಗಿದೆ. ನಾಲ್ಕೈದು ಬಾರಿಯ ನಿಯಮಕ್ಕೆ ಇದು ಎಲ್ಲಿಯೂ ಹೊಂದುವುದಿಲ್ಲ. ಆದರೂ ಮೀನು ವಿರಳವಾಗಿರುವ, ಗಿಡಗಳಿರುವ ತೊಟ್ಟಿಗಳಲ್ಲಿ ಇಂತಹ ನಿಧಾನ ಶೋಧಕಗಳು ವರ್ಷಗಟ್ಟಲೆ ನಡೆದಿವೆ. ಅಮೋನಿಯಾವನ್ನು ತಿನ್ನುವುದು ಹರಿವಲ್ಲ, ಬ್ಯಾಕ್ಟೀರಿಯಾ. ತಳದಲ್ಲಿ ಕೂರುವ ಕಸವನ್ನು ಎತ್ತಿ ಒಯ್ಯಲು ಮಾತ್ರ ರಭಸ ಬೇಕು, ಆಸ್ಕರ್ ಅಥವಾ ಗೋಲ್ಡ್‌ಫಿಶ್ ತೊಟ್ಟಿಗಳಲ್ಲಿ ಆ ಅಗತ್ಯ ನಿಜವಾಗಿಯೂ ಹೆಚ್ಚು. ಹೀಗಾಗಿ ಎಷ್ಟು ಹರಿವು ಬೇಕು ಎಂಬುದಕ್ಕೆ ತೊಟ್ಟಿಯ ಗಾತ್ರಕ್ಕಿಂತ ದಿನಕ್ಕೆ ಹಾಕುವ ಆಹಾರವೇ ಉತ್ತಮ ಮಾನದಂಡ.

ನಿಜವಾದ ಹರಿವನ್ನು ಅಳೆಯಲು ಯಾವ ಉಪಕರಣವೂ ಬೇಡ. ಹೊರಹರಿವಿನ ಕೊಳವೆಯ ಬಾಯಿಯನ್ನು ತೊಟ್ಟಿಯ ನೀರಿನ ಮಟ್ಟದಲ್ಲೇ ಹಿಡಿದು, ಅಳತೆ ಗುರುತಿರುವ ಬಕೆಟ್ಟಿಗೆ ನೀರನ್ನು ಬಿಟ್ಟು ಗಡಿಯಾರ ನೋಡಿದರೆ ಸಾಕು. 10 ಲೀಟರ್ ತುಂಬಲು 24 ಸೆಕೆಂಡು ಹಿಡಿದರೆ ಹರಿವು ಗಂಟೆಗೆ 1500 ಲೀಟರ್. 36 ಸೆಕೆಂಡು ಹಿಡಿದರೆ 1000 ಲೀಟರ್. ಈ ಅಳತೆಯನ್ನು ಎರಡು ಬಾರಿ ಮಾಡಬೇಕು: ಶೋಧಕವನ್ನು ತೊಳೆದ ಮರುದಿನ ಒಮ್ಮೆ, ಮುಂದಿನ ಬಾರಿ ತೊಳೆಯುವುದಕ್ಕೆ ಸ್ವಲ್ಪ ಮೊದಲು ಇನ್ನೊಮ್ಮೆ. ಎರಡರ ನಡುವಿನ ಅಂತರವೇ ಸಾಧನದ ಗುಣವನ್ನು ಹೇಳುತ್ತದೆ. ಆರು ವಾರಗಳ ನಂತರವೂ ಮೂರರಲ್ಲಿ ಎರಡು ಪಾಲು ಹರಿವನ್ನು ಉಳಿಸಿಕೊಳ್ಳುವ ಸಾಧಾರಣ ಶೋಧಕವು, ಮೊದಲ ದಿನ ಭೋರ್ಗರೆದು ಎರಡು ವಾರಕ್ಕೆ ಸೋತು ಹೋಗುವ ದೊಡ್ಡ ಹೆಸರಿನ ಶೋಧಕಕ್ಕಿಂತ ಮೇಲು. ಡಬ್ಬಿಯನ್ನು ಬಿಚ್ಚದೆಯೇ ಹೊರತೆಗೆದು ತೊಳೆಯಬಹುದಾದ ಮುಂಶೋಧಕ ಸ್ಪಂಜು ಇರುವ ಮಾದರಿಗಳು, ಉದಾಹರಣೆಗೆ ಓಆಸೆ ಸಂಸ್ಥೆಯ ಬಯೋಮಾಸ್ಟರ್, ಈ ಪರೀಕ್ಷೆಯಲ್ಲಿ ಅನುಕೂಲ ಪಡೆಯುತ್ತವೆ. ಬೇರೆ ಮಾದರಿಗಳಲ್ಲಿ ಒಳಹರಿವಿನ ಕೊಳವೆಯ ಬಾಯಿಗೆ ಒರಟು ಸ್ಪಂಜನ್ನು ತೊಡಿಸಿ ಅದೇ ಅನುಕೂಲವನ್ನು ಅಗ್ಗವಾಗಿ ಪಡೆಯಬಹುದು.

ನೀರು ಬುಟ್ಟಿಗಳ ಮೂಲಕ ಹೋಗದೆ ಅವುಗಳ ಪಕ್ಕದ ಸಂದಿನಿಂದ ನುಸುಳುವುದು ಅಗ್ಗದ ಮಾದರಿಗಳ ಸಾಮಾನ್ಯ ದೋಷ. ಹರಿವು ಚೆನ್ನಾಗಿಯೇ ಇದ್ದು ಸ್ಪಂಜು ಮಾತ್ರ ವಾರಗಟ್ಟಲೆ ಬೆಳ್ಳಗೆ ಉಳಿದಿದ್ದರೆ ಹೀಗಾಗಿದೆ ಎಂದು ತಿಳಿಯಬಹುದು.

ವಿದ್ಯುತ್ ಖರ್ಚನ್ನು ಕೊಳ್ಳುವ ದಿನವೇ ಲೆಕ್ಕ ಹಾಕುವುದು ಒಳಿತು, ಏಕೆಂದರೆ ಈ ಸಾಧನ ವರ್ಷದ 8760 ಗಂಟೆಯೂ ಓಡುತ್ತದೆ. 20 ವ್ಯಾಟ್‌ನ ಶೋಧಕ ವರ್ಷಕ್ಕೆ 175 ಯೂನಿಟ್, 55 ವ್ಯಾಟ್‌ನದು 482 ಯೂನಿಟ್ ವಿದ್ಯುತ್ತನ್ನು ಬಳಸುತ್ತದೆ. ಐದು ವರ್ಷಗಳಲ್ಲಿ ವ್ಯತ್ಯಾಸ 1500 ಯೂನಿಟನ್ನು ದಾಟುತ್ತದೆ. ಬೆಲೆಯಲ್ಲಿ ಉಳಿಸಿದ್ದು ಬಿಲ್ಲಿನಲ್ಲಿ ಹೋಗುವುದುಂಟು.

ವಿದೇಶದಲ್ಲಿರುವ ಮಕ್ಕಳು ಊರಿಗೆ ಬರುವಾಗ ಶೋಧಕವನ್ನು ತರುವ ಪ್ರಸಂಗಗಳಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಮಾರುಕಟ್ಟೆಯ ಮಾದರಿಗಳು ಸಾಮಾನ್ಯವಾಗಿ 120 ವೋಲ್ಟ್, 60 ಹರ್ಟ್ಸ್‌ಗಾಗಿ ತಯಾರಾದವು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಇಟ್ಟರೂ ಆವರ್ತನ ಬದಲಾಗುವುದಿಲ್ಲ. ಇಂತಹ ಶೋಧಕಗಳ ಸಾಮಾನ್ಯ ಪರ್ಯಾಯ ವಿದ್ಯುತ್ ಮೋಟಾರು ಆವರ್ತನವನ್ನೇ ಅನುಸರಿಸಿ ತಿರುಗುವುದರಿಂದ ಭಾರತದ 50 ಹರ್ಟ್ಸ್‌ನಲ್ಲಿ ಅದರ ವೇಗ ಆರರಲ್ಲಿ ಐದು ಪಾಲಿಗೆ ಇಳಿಯುತ್ತದೆ. ಯುರೋಪಿನ 230 ವೋಲ್ಟ್, 50 ಹರ್ಟ್ಸ್‌ನ ಮಾದರಿಗಳಿಗೆ ಈ ತೊಡಕಿಲ್ಲ.

ಮೈಸೂರಿನ ನೀರು

ಒಂಟಿಕೊಪ್ಪಲ್ ಮೈಸೂರಿನ ವಾಯವ್ಯ ಭಾಗದ ಹಳೆಯ ಬಡಾವಣೆ. ವಾಣಿವಿಲಾಸ ಮೊಹಲ್ಲಾ ಎಂಬ ಹೆಸರೂ ಈ ಪ್ರದೇಶಕ್ಕಿದೆ. 1895ರಿಂದ 1902ರವರೆಗೆ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರನ್ನೇ ನಗರದ ನೀರು ಸರಬರಾಜು ವ್ಯವಸ್ಥೆಯೂ ಹೊತ್ತಿದೆ. ನಗರಕ್ಕೆ ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಕಾವೇರಿಯ ನೀರೂ, ಅದಲ್ಲದೆ ಕಬಿನಿಯ ನೀರೂ ಬರುತ್ತವೆ. ನೀರನ್ನು ತಿಳಿಗೊಳಿಸಿ, ಮರಳಿನಲ್ಲಿ ಶೋಧಿಸಿ, ಕ್ಲೋರಿನ್ ಬೆರೆಸಿ ಮನೆಗಳಿಗೆ ಕಳುಹಿಸಲಾಗುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರಂತೆ ನೀರಿನಲ್ಲಿ ಕನಿಷ್ಠ ಲೀಟರಿಗೆ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಮನುಷ್ಯರನ್ನು ಕಾಯುವ ಈ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ, ಶೋಧಕದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಸಂಪಿನಲ್ಲೂ ಮಹಡಿಯ ಟ್ಯಾಂಕಿನಲ್ಲೂ ನೀರು ನಿಂತಷ್ಟು ಕಾಲ ಕ್ಲೋರಿನ್ ಕುಗ್ಗುತ್ತದೆ ಎಂಬುದು ನಿಜ. ಆದರೆ ಸರಬರಾಜು ಬಂದು ಸಂಪು ತುಂಬಿದ ದಿನವೇ ಪಂಪು ಹಾಕಿ ಆ ನೀರನ್ನು ತೊಟ್ಟಿಗೆ ಬಿಟ್ಟರೆ ಈ ಭರವಸೆ ಉಳಿಯುವುದಿಲ್ಲ. ನೀರನ್ನು ಡ್ರಮ್ಮಿನಲ್ಲಿ ಒಂದು ದಿನ ಗಾಳಿಯಾಡಿಸಿ ಇಡುವುದು ಅಥವಾ ಸೋಡಿಯಂ ಥಯೋಸಲ್ಫೇಟ್ ಹಾಕುವುದು ರೂಢಿಯ ಪರಿಹಾರಗಳು. ಅಂಗಡಿಗಳಲ್ಲಿ ‘ಆಂಟಿ ಕ್ಲೋರಿನ್’ ಎಂದು ಸಿಗುವ ಹರಳುಗಳು ಬಹುಮಟ್ಟಿಗೆ ಇದೇ.

ಜೈವಿಕ ಮಾಧ್ಯಮವನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿ ತೊಳೆಯುವುದು ಅತ್ಯಂತ ಸಾಮಾನ್ಯವಾದ ಮತ್ತು ಅತ್ಯಂತ ಹಾನಿಕರವಾದ ಅಭ್ಯಾಸ. ಉಂಗುರಗಳು ಹೊಸದರಂತೆ ಹೊಳೆಯುತ್ತವೆ, ನಾಲ್ಕೈದು ದಿನಗಳಲ್ಲಿ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗುತ್ತವೆ. ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಮಾಧ್ಯಮವನ್ನು ಅದ್ದಿ ಅಲುಗಿಸಿದರೆ ಸಾಕು. ಸ್ಪಂಜುಗಳನ್ನೂ ಉಂಗುರಗಳನ್ನೂ ಒಂದೇ ದಿನ ತೊಳೆಯಬಾರದು. ಯಾವ ಮಾಧ್ಯಮವನ್ನೂ ಪೂರ್ತಿಯಾಗಿ ಒಮ್ಮೆಲೇ ಬದಲಿಸಬಾರದು.

ಹೊಸ ಶೋಧಕದಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹಳೆಯ ತೊಟ್ಟಿಯ ಕೊಳೆಯಾದ ಸ್ಪಂಜಿನ ತುಂಡೊಂದನ್ನು ಡಬ್ಬಿಗೆ ಸೇರಿಸಿದರೆ ಈ ಅವಧಿ ಬಹಳ ಕಡಿಮೆಯಾಗುತ್ತದೆ. ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವ ಕ್ರಮವೇ ಇಲ್ಲಿಯದೂ.

ವಿದ್ಯುತ್ ನಿಲುಗಡೆ

ತೆರೆದ ಶೋಧಕಗಳಿಗೆ ಇಲ್ಲದ ದೌರ್ಬಲ್ಯವೊಂದು ಕ್ಯಾನಿಸ್ಟರಿಗೆ ಇದೆ. ವಿದ್ಯುತ್ ನಿಂತೊಡನೆ ಡಬ್ಬಿಯೊಳಗಿನ ನೀರು ನಿಲ್ಲುತ್ತದೆ, ಆಮ್ಲಜನಕದ ಪೂರೈಕೆಯೂ ನಿಲ್ಲುತ್ತದೆ. ಡಬ್ಬಿಯಲ್ಲಿ 4 ಲೀಟರ್ ನೀರಿದ್ದರೆ ಅದರಲ್ಲಿರುವುದು ಹೆಚ್ಚೆಂದರೆ 28 ಮಿಲಿಗ್ರಾಂ ಆಮ್ಲಜನಕ. ಮೇಲಿನ ಉದಾಹರಣೆಯ ಬ್ಯಾಕ್ಟೀರಿಯಾಗಳು ಗಂಟೆಗೆ 70 ಮಿಲಿಗ್ರಾಂ ಬಳಸುತ್ತವೆ. ಅದೇ ವೇಗದಲ್ಲಿ ಉಸಿರಾಡಿದರೆ ಅರ್ಧ ಗಂಟೆಗೂ ಸಾಲದು. ಆಮ್ಲಜನಕ ತೀರಿದ ಕ್ಷಣವೇ ನೈಟ್ರೀಕರಣದ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿಷ್ಕ್ರಿಯವಾಗಿ ಕೆಲವು ಗಂಟೆ ತಾಳಿಕೊಳ್ಳುತ್ತದೆ. ಆದರೆ ಡಬ್ಬಿಯಲ್ಲಿ ಸೇರಿರುವ ಕೆಸರು ಆಮ್ಲಜನಕವಿಲ್ಲದೆ ಕೊಳೆಯತೊಡಗಿ ಅಮೋನಿಯಾ ಮತ್ತು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತದೆ. ವಿದ್ಯುತ್ ಮರಳಿದಾಗ ಮೋಟಾರು ತಾನಾಗಿ ಆರಂಭವಾಗಿ ಈ ನೀರನ್ನೆಲ್ಲ ಒಮ್ಮೆಲೇ ತೊಟ್ಟಿಗೆ ಸುರಿಯುತ್ತದೆ. ರಾತ್ರಿಯೆಲ್ಲ ವಿದ್ಯುತ್ ಇಲ್ಲದೆ ಬೆಳಗ್ಗೆ ಬಂದ ಮನೆಗಳಲ್ಲಿ ಮೀನುಗಳು ಸಾಯುವುದು ಹಲವೊಮ್ಮೆ ಕತ್ತಲೆಯ ಹೊತ್ತಿನಲ್ಲಲ್ಲ, ದೀಪ ಬಂದ ಮೇಲೆ.

ಒಂದೆರಡು ಗಂಟೆಯ ನಿಲುಗಡೆಯ ನಂತರ ಶೋಧಕವನ್ನು ಹಾಗೆಯೇ ಓಡಿಸುವುದು ರೂಢಿಯಲ್ಲಿದೆ. ನಾಲ್ಕು ಗಂಟೆಗೂ ಮೀರಿದರೆ ಮೊದಲು ಪ್ಲಗ್ಗನ್ನು ತೆಗೆದು, ಡಬ್ಬಿಯ ನೀರನ್ನು ಚೆಲ್ಲಿ, ಮಾಧ್ಯಮವನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ತೆಗೆದು ಮತ್ತೆ ಜೋಡಿಸಬೇಕು. ಮುಂದಿನ ಎರಡು ದಿನ ಆಹಾರವನ್ನು ಕಡಿಮೆ ಮಾಡಿ ಅಮೋನಿಯಾವನ್ನು ಪರೀಕ್ಷಿಸುವುದು ವಿವೇಕದ ಕ್ರಮ. ನಿಲುಗಡೆ ದೀರ್ಘವಾಗುವ ಸೂಚನೆ ಇದ್ದರೆ, ಉದಾಹರಣೆಗೆ ದುರಸ್ತಿಗಾಗಿ ದಿನವಿಡೀ ವಿದ್ಯುತ್ ಇರುವುದಿಲ್ಲವೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ, ಬುಟ್ಟಿಗಳನ್ನು ಹೊರತೆಗೆದು ತೊಟ್ಟಿಯ ನೀರಿನಲ್ಲೇ ಇಟ್ಟು ಬ್ಯಾಟರಿ ಚಾಲಿತ ಗಾಳಿ ಪಂಪಿನಿಂದ ಗುಳ್ಳೆ ಹಾಯಿಸಬಹುದು.

ಕರ್ನಾಟಕದ ಅನೇಕ ಮನೆಗಳಲ್ಲಿರುವ ಇನ್ವರ್ಟರ್ ಇದಕ್ಕೆ ಸಹಜ ಪರಿಹಾರ. 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಶಕ್ತಿಯಿರುತ್ತದೆ, ಅದರಲ್ಲಿ ಅರ್ಧವನ್ನು ಬಳಕೆಗೆ ಸಿಗುವುದೆಂದು ಹಿಡಿಯಬಹುದು. ದೀಪ ಫ್ಯಾನುಗಳಿಗೆ 200 ವ್ಯಾಟ್ ಬೇಕಾದ ಮನೆಯಲ್ಲಿ ಅದು ನಾಲ್ಕೂವರೆ ಗಂಟೆ ಬರುತ್ತದೆ. 20 ವ್ಯಾಟ್‌ನ ಶೋಧಕ ಮತ್ತು 5 ವ್ಯಾಟ್‌ನ ಗಾಳಿ ಪಂಪನ್ನು ಸೇರಿಸಿದರೆ ನಾಲ್ಕು ಗಂಟೆ. ಮನೆಯವರು ಅರ್ಧ ಗಂಟೆ ಬಿಟ್ಟುಕೊಟ್ಟರೆ ಸಾಕಾಗುತ್ತದೆ. ದೀಪ ಫ್ಯಾನುಗಳನ್ನು ಆರಿಸಿ ತೊಟ್ಟಿಯನ್ನಷ್ಟೇ ನಡೆಸಿದರೆ 36 ಗಂಟೆ ಬರುತ್ತದೆ. ಹಳೆಯ ಚೌಕ ತರಂಗದ ಇನ್ವರ್ಟರುಗಳಲ್ಲಿ ಮೋಟಾರು ಗುಂಯ್‌ಗುಟ್ಟಿ ಬಿಸಿಯಾಗುತ್ತದೆ, ಆದ್ದರಿಂದ ಸೈನ್ ತರಂಗದ ಇನ್ವರ್ಟರ್ ಇರಬೇಕು. ಶೋಧಕವನ್ನು ಕೊಳ್ಳುವಾಗ ಕಡಿಮೆ ವ್ಯಾಟ್‌ನದನ್ನು ಆರಿಸಲು ಬಿಲ್ಲಿಗಿಂತ ಇದು ಬಲವಾದ ಕಾರಣ.

ಸೋರಿಕೆ ಮತ್ತು ಸುರಕ್ಷತೆ

500 ಲೀಟರಿನ ತೊಟ್ಟಿಯ ಕೆಳಗಿನ ಡಬ್ಬಿ ಸೋರಿದರೆ ಒಳಹರಿವಿನ ಕೊಳವೆಯ ಬಾಯಿ ಇರುವ ಮಟ್ಟದವರೆಗಿನ ನೀರೆಲ್ಲ ನೆಲಕ್ಕೆ ಬರಬಹುದು. ಬಹುಪಾಲು ಸೋರಿಕೆಗಳಿಗೆ ಒಣಗಿದ ಅಥವಾ ಮರಳಿನ ಕಣ ಸಿಕ್ಕಿಕೊಂಡ ರಬ್ಬರ್ ಉಂಗುರವೇ ಕಾರಣ. ಪ್ರತಿ ಬಾರಿ ಬಿಚ್ಚಿದಾಗಲೂ ಅದನ್ನು ಒರೆಸಿ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಸವರಬೇಕು. ಪೆಟ್ರೋಲಿಯಂ ಜೆಲ್ಲಿ ಕೆಲವು ಬಗೆಯ ರಬ್ಬರನ್ನು ಉಬ್ಬಿಸುವುದರಿಂದ ಅದನ್ನು ಬಳಸಬಾರದು. ಬದಲಿ ಉಂಗುರ ಮತ್ತು ಮೋಟಾರಿನ ತಿರುಗಾಲಿ ಸ್ಥಳೀಯವಾಗಿ ಸಿಗುತ್ತವೆಯೇ ಎಂಬುದನ್ನು ಕೊಳ್ಳುವ ಮೊದಲು ವಿಚಾರಿಸಬೇಕು. ಎಷ್ಟೋ ಉತ್ತಮ ಶೋಧಕಗಳು ಚಿಕ್ಕದೊಂದು ಬಿಡಿಭಾಗ ಸಿಗದೆ ಅಟ್ಟ ಸೇರಿವೆ.

ಡಬ್ಬಿಯನ್ನು ಅಂಚಿರುವ ತಟ್ಟೆಯೊಳಗೆ ಇಡುವುದು, ವಿದ್ಯುತ್ ತಂತಿಯು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತೆ ಬಿಡುವುದು, ಮನೆಯ ವಿದ್ಯುತ್ ಫಲಕದಲ್ಲಿ 30 ಮಿಲಿಆಂಪಿಯರಿನ ಸೋರಿಕೆ ರಕ್ಷಕವನ್ನು ಅಳವಡಿಸುವುದು, ತೊಟ್ಟಿಗೆ ಕೈ ಹಾಕುವ ಮೊದಲು ಎಲ್ಲ ಪ್ಲಗ್ಗುಗಳನ್ನು ತೆಗೆಯುವುದು ಅಗತ್ಯ ಮುನ್ನೆಚ್ಚರಿಕೆಗಳು. ಅತಿನೇರಳೆ ದೀಪವಿರುವ ಮಾದರಿಗಳಲ್ಲಿ ದೀಪ ಉರಿಯುವಾಗ ಮುಚ್ಚಳ ತೆರೆದು ನೋಡಬಾರದು, ಆ ಕಿರಣ ಕಣ್ಣಿಗೆ ಅಪಾಯಕಾರಿ. ಈ ದೀಪವು ತೇಲುವ ಪಾಚಿಯನ್ನು ಕೊಲ್ಲುತ್ತದೆ, ಮಾಧ್ಯಮಕ್ಕೆ ಅಂಟಿಕೊಂಡಿರುವ ಉಪಯುಕ್ತ ಬ್ಯಾಕ್ಟೀರಿಯಾವನ್ನು ಮುಟ್ಟುವುದಿಲ್ಲ.

ಇತರ ಶೋಧಕಗಳೊಂದಿಗೆ ಹೋಲಿಕೆ

ದೊಡ್ಡ ತೊಟ್ಟಿಗಳಿಗೆ ಕ್ಯಾನಿಸ್ಟರಿನ ಮುಖ್ಯ ಪ್ರತಿಸ್ಪರ್ಧಿ ಸಂಪ್ ಶೋಧಕ, ಎಂದರೆ ತೊಟ್ಟಿಯ ಕೆಳಗೆ ಇಡುವ ಮತ್ತೊಂದು ತೆರೆದ ತೊಟ್ಟಿ. ಅದರಲ್ಲಿ ಮಾಧ್ಯಮಕ್ಕೆ ಹಲವು ಪಟ್ಟು ಹೆಚ್ಚು ಸ್ಥಳವಿದೆ, ನೀರು ಗಾಳಿಗೆ ತೆರೆದುಕೊಳ್ಳುತ್ತದೆ, ಸ್ಪಂಜನ್ನು ಯಾವಾಗ ಬೇಕಾದರೂ ತೆಗೆದು ತೊಳೆಯಬಹುದು. ಆದರೆ ನೀರು ಬೀಳುವ ಸದ್ದಿದೆ, ಆವಿಯಾಗುವಿಕೆ ಹೆಚ್ಚು, ತೊಟ್ಟಿಗೆ ರಂಧ್ರ ಕೊರೆಯಬೇಕಾಗುತ್ತದೆ, ನಿಜವಾಗಿ ಎತ್ತರಕ್ಕೆ ನೀರೆತ್ತುವ ಪಂಪು ಬೇಕಾಗುವುದರಿಂದ ವಿದ್ಯುತ್ತೂ ಹೆಚ್ಚು ಬೇಕು. ಸಾವಿರ ಲೀಟರಿಗೆ ಮೇಲ್ಪಟ್ಟ ತೊಟ್ಟಿಗಳಲ್ಲಿ ಸಂಪ್ ಶೋಧಕವೇ ಸೂಕ್ತ. ಅದಕ್ಕಿಂತ ಚಿಕ್ಕದಾದ, ಹಜಾರದಲ್ಲಿ ಇಡುವ ತೊಟ್ಟಿಗಳಿಗೆ ಸದ್ದಿಲ್ಲದ ಕ್ಯಾನಿಸ್ಟರ್ ಹೊಂದುತ್ತದೆ.

ಒಂದು ದೊಡ್ಡ ಶೋಧಕದ ಬದಲು ಎರಡು ಮಧ್ಯಮ ಗಾತ್ರದವನ್ನು ಇಡುವ ಕ್ರಮವೂ ಇದೆ. ಖರ್ಚು ಸ್ವಲ್ಪ ಹೆಚ್ಚಾದರೂ ಒಂದು ಕೆಟ್ಟಾಗ ಇನ್ನೊಂದು ತೊಟ್ಟಿಯನ್ನು ಕಾಯುತ್ತದೆ. ಈ ತಿಂಗಳು ಒಂದನ್ನು, ಮುಂದಿನ ತಿಂಗಳು ಇನ್ನೊಂದನ್ನು ತೊಳೆದರೆ ಬ್ಯಾಕ್ಟೀರಿಯಾದ ಅರ್ಧ ಭಾಗ ಸದಾ ಕದಡದೆ ಉಳಿಯುತ್ತದೆ. ಎರಡನೆಯದಕ್ಕೆ ಹಣ ಹೊಂದದಿದ್ದರೆ ಗಾಳಿ ಪಂಪಿನಿಂದ ನಡೆಯುವ ಸಾಧಾರಣ ಸ್ಪಂಜು ಶೋಧಕವೊಂದನ್ನು ತೊಟ್ಟಿಯ ಮೂಲೆಯಲ್ಲಿ ಖಾಯಂ ಆಗಿ ಓಡಿಸಬಹುದು. ವಿದ್ಯುತ್ ನಿಂತ ರಾತ್ರಿ ಕ್ಯಾನಿಸ್ಟರ್ ಸುಮ್ಮನಾದರೂ ಬ್ಯಾಟರಿಯ ಗಾಳಿ ಪಂಪು ಅದನ್ನು ನಡೆಸಬಲ್ಲದು.